ಗೋಣಿಮರದ ಕೆಳಗೆ ನಿಂತ ಕಾರು

ನಿಶ್ಚಿತಾರ್ಥಕ್ಕೆ ಮುಂಚೆ ಎರಡೂ ಮನೆಯವರು ಒಂದು ದಿನ ಜೊತೆಯಲ್ಲಿ ಕಳೆದರೆ ಚೆನ್ನ ಎಂದು ಹೇಳಿಕಳಿಸಿದವರು ಸಾವಿತ್ರಮ್ಮನೇ. ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ಇಟ್ಟ ಮನೆತನ ಅವರದು. ಗಂಡ ತೀರಿಕೊಂಡ ಮೇಲೆ ವ್ಯಾಪಾರವನ್ನು ಮಗ ಶಶಿಕಿರಣ್ ನೋಡಿಕೊಳ್ಳುತ್ತಿದ್ದರೂ ಮನೆಯೊಳಗೆ ನಡೆಯುತ್ತಿದ್ದದ್ದು ಸಾವಿತ್ರಮ್ಮನ ಮಾತೇ. ಹಳೇಬೀಡಿನಿಂದ ಮುಂದೆ, ಹುಲಿಕೆರೆ ದಾಟಿ ಸ್ವಲ್ಪ ಒಳಗೆ ಹೋದರೆ ಅವರ ತಮ್ಮ ಉಮಾಶಂಕರ್ ಅವರ ತೋಟ. ಅಜ್ಜನ ಕಾಲದ ಬಂಗಲೆ, ತೆಂಗು, ಮಾವು, ಹಿಂಬದಿಗೆ ಒಂದು ಸಾಲು ಗೋಣಿಮರ. ಆ ಮರಗಳನ್ನು ನೋಡಲೆಂದೇ ಹಾಸನದಿಂದ ಜನ ಬರುತ್ತಾರೆ ಎಂದು ಸಾವಿತ್ರಮ್ಮ ಫೋನಿನಲ್ಲಿ ಎರಡು ಸಲ ಹೇಳಿದರು.

"ಮರ ತೋರಿಸೋಕೆ ನಮ್ಮನ್ನ ಕರೀತಿಲ್ಲ ಕಣಮ್ಮ. ನಿನ್ನನ್ನ ಇನ್ನೊಂದು ಸಲ ನೋಡೋಕೆ," ಎಂದು ನಂಜಪ್ಪ ಮಗಳಿಗೆ ನಗುತ್ತ ಹೇಳಿದರು.

ಸ್ವಾತಿಗೂ ಅದು ಗೊತ್ತಿತ್ತು. ಬೇಲೂರಿನ ಶಾಲೆಯೊಂದರಲ್ಲಿ ಗಣಿತದ ಟೀಚರ್ ಆಗಿದ್ದಳು. ತಾಯಿ ಇಲ್ಲದ ಮನೆ. ಅಪ್ಪನ ಪಾತ್ರೆ ಅಂಗಡಿ, ಅಡಿಗೆ, ಶಾಲೆ ಮೂರನ್ನೂ ತೂಗಿಸಿಕೊಂಡು ಹೋಗುತ್ತಿದ್ದವಳು. ಶಶಿಕಿರಣ್ ಬಂದು ನೋಡಿ ಹೋದ ಮೇಲೆ ಇಬ್ಬರೂ ದಿನಾ ಫೋನಿನಲ್ಲಿ ಮಾತಾಡುತ್ತಿದ್ದರು. ಅವನು ಜಾಸ್ತಿ ಮಾತಿನವನಲ್ಲ, ಆದರೆ ಕೇಳಿದ್ದನ್ನು ಮರೆಯುತ್ತಿರಲಿಲ್ಲ. ಅವಳಿಗೆ ಅವನು ಹಿಡಿಸಿದ್ದ. ಹಿಡಿಸಿದ್ದರಿಂದಲೇ ಆ ದಿನ ಬೆಳಿಗ್ಗೆ ಉಟ್ಟ ಸೀರೆ ಬಿಚ್ಚಿ ಇನ್ನೊಂದನ್ನು ಉಟ್ಟಳು.

ಏಪ್ರಿಲ್ ಕೊನೆಯ ಭಾನುವಾರ. ನಂಜಪ್ಪನವರಿಗೆ ಕಣ್ಣಿನ ಆಪರೇಷನ್ ಆಗಿದ್ದರಿಂದ ಅವರ ಹಳೇ ಕಾರನ್ನು ಸ್ವಾತಿಯೇ ಓಡಿಸಿಕೊಂಡು ಹೋದಳು. ಹಳೇಬೀಡಿನ ಕೆರೆ ಏರಿಯ ಹತ್ತಿರ ಅರಸೀಕೆರೆಯವರ ಕಾರು ಕಾಯುತ್ತಿತ್ತು. ಶಶಿಕಿರಣ್ ಇಳಿದು ಬಂದು ನಂಜಪ್ಪನವರಿಗೆ ಕೈಮುಗಿದ. ಹಿಂದಿನ ಸೀಟಿನಲ್ಲಿ ಸಾವಿತ್ರಮ್ಮ, ಅವರ ಮಗಳು ಉಷಾರಾಣಿ, ಉಷಾರಾಣಿಯ ಮೂರು ವರ್ಷದ ಮಗಳು ಸಿಂಧು. ಮುಂದೆ ಕೂತಿದ್ದವನು ಉಷಾರಾಣಿಯ ಗಂಡ ಮೋಹನ್‌ಕುಮಾರ್. ತಿಪಟೂರಿನಲ್ಲಿ ಸೈಟು, ಲೇಔಟಿನ ವ್ಯವಹಾರ. ಮನೆಯ ಒಬ್ಬನೇ ಅಳಿಯ. ಅವನು ಕಾರಿನಿಂದ ಇಳಿಯಲಿಲ್ಲ, ಗಾಜು ಇಳಿಸಿ ನಕ್ಕ.

"ಬಿಸಿಲಲ್ಲಿ ನೀನೇ ಓಡಿಸ್ಕೊಂಡು ಬಂದ್ಯಾ?" ಎಂದರು ಸಾವಿತ್ರಮ್ಮ.

"ಹೂಂ ಅಮ್ಮ. ಅಪ್ಪನಿಗೆ ಇನ್ನೂ ಕಣ್ಣು ಸರಿಯಾಗಿಲ್ಲ."

ಸಾವಿತ್ರಮ್ಮ ತಲೆಯಾಡಿಸಿದರು. ಅದು ಮೆಚ್ಚುಗೆಯೋ ಅಲ್ಲವೋ ಸ್ವಾತಿಗೆ ತಿಳಿಯಲಿಲ್ಲ.

ಬಂಗಲೆಯಲ್ಲಿ ತಿಂಡಿಗೆ ಅಕ್ಕಿರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಆಯಿತು. ಸ್ವಾತಿ ತಟ್ಟೆ ಎತ್ತಲು ಹೋದರೆ ಸಾವಿತ್ರಮ್ಮ ಬೇಡ ಅನ್ನಲಿಲ್ಲ, ಎತ್ತಿ ಮುಗಿಯುವವರೆಗೂ ನೋಡುತ್ತಿದ್ದರು. ನಡುವೆ ಸಿಂಧು ಬಂದು ಅವಳ ಸೆರಗು ಹಿಡಿದು, "ನೀನು ಅತ್ತೆನಾ?" ಎಂದು ಕೇಳಿತು. ಎಲ್ಲರೂ ನಕ್ಕರು. ಅಲ್ಲಿಂದ ಮುಂದೆ ಮಗು ಅವಳನ್ನು ಬಿಡಲಿಲ್ಲ.

ಮರಗಳು ಬಂಗಲೆಯಿಂದ ಅರ್ಧ ಮೈಲಿ ಹಿಂದೆ ಇದ್ದವು. ಸಾವಿತ್ರಮ್ಮನಿಗೆ ಮಂಡಿನೋವು, ಆದ್ದರಿಂದ ಎರಡೂ ಕಾರನ್ನು ಗಾಡಿದಾರಿಯಲ್ಲಿ ಅಲ್ಲಿಯವರೆಗೂ ಒಯ್ದರು. ಉಮಾಶಂಕರ್ ಮುಂದೆ ಮುಂದೆ ಬೈಕಿನಲ್ಲಿ ಬಂದರು.

ಸ್ವಾತಿ ಅಂಥ ಮರಗಳನ್ನು ಕಂಡಿರಲಿಲ್ಲ. ಒಂದೊಂದರ ಬುಡವೂ ಒಂದು ಕೋಣೆಯಷ್ಟು. ಬೇರುಗಳು ಗೋಡೆಯ ಹಾಗೆ ಎದ್ದು ನೆಲದ ಮೇಲೆ ದೂರದವರೆಗೆ ಹರಿದಿದ್ದವು. ಕೆಳಗೆ ನಿಂತರೆ ಬಿಸಿಲೇ ಇಲ್ಲ. ಸಾಲಿನಾಚೆ ಒಂದು ಪಂಪ್‌ಸೆಟ್ ಕೋಣೆಯೂ ಅದರ ಕಾಲುವೆಯೂ ಕಾಣುತ್ತಿದ್ದವು.

"ಹೊಯ್ಸಳರ ಕಾಲದ್ದು ಅಂತ ನಮ್ಮಜ್ಜ ಹೇಳೋರು. ಕಂಡೋರು ಯಾರು?" ಎಂದರು ಉಮಾಶಂಕರ್. ಆಮೇಲೆ ಮೇಲೆ ಕೈ ತೋರಿಸಿದರು. ಬಹಳ ಎತ್ತರದಲ್ಲಿ, ದಪ್ಪ ಕೊಂಬೆಗಳ ಅಡಿಗೆ ಕಪ್ಪಗೆ ಹೆಜ್ಜೇನು ಗೂಡುಗಳು ತೂಗುತ್ತಿದ್ದವು. ಒಂದೊಂದೂ ಮೊರಕ್ಕಿಂತ ದೊಡ್ಡದು. "ಪ್ರತಿ ಬೇಸಿಗೆಗೂ ಬತ್ತವೆ. ಅವುಗಳ ಪಾಡಿಗೆ ಅವಿರ್ತವೆ. ಕಲ್ಲು ಹೊಡೀಬಾರ್ದು, ಹೊಗೆ ಹಾಕಬಾರ್ದು, ಅಷ್ಟೇಯ."

ಜಮಖಾನ ಹಾಸಿ ಕೂತರು. ಎಳನೀರು ಕುಡಿದರು. ಸ್ವಲ್ಪ ಹೊತ್ತಾದ ಮೇಲೆ ಉಮಾಶಂಕರ್ ಊಟದ ಏರ್ಪಾಡು ನೋಡಲು ಬಂಗಲೆಗೆ ಹೊರಟರು. ತೆಂಗಿನ ಫಸಲಿನ ಮಾತಾಡುತ್ತ ನಂಜಪ್ಪನವರೂ ಅವರ ಬೈಕು ಹತ್ತಿ ಹೋದರು.

ಸಿಂಧುಗೆ ನಿದ್ದೆ ಹತ್ತಿತ್ತು. ನೆಲದ ತುಂಬ ಕಟ್ಟಿರುವೆ. "ಸ್ವಾತಿ, ಕಾರಲ್ಲಿ ಸ್ವಲ್ಪ ಮಲಗಿಸ್ತೀಯಾ? ನನ್ನ ಹತ್ರ ಆದ್ರೆ ಆಟಕ್ಕೆ ಇಳೀತಾಳೆ," ಎಂದಳು ಉಷಾರಾಣಿ. ಸ್ವಾತಿ ಮಗುವನ್ನೆತ್ತಿಕೊಂಡು ಅಪ್ಪನ ಕಾರಿಗೆ ಹೋದಳು. ಅದು ಗಾಡಿದಾರಿಯ ಬಾಯಲ್ಲಿ, ಸಾಲಿನ ಕೊನೆಯ ಮರದ ಕೆಳಗಿತ್ತು. ಹಿಂದಿನ ಸೀಟಿನಲ್ಲಿ ಮಗುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಸಿಂಧು ಬಾಗಿಲ ಹಿಡಿಕೆ ಎಳೆದು ಆಡುತ್ತಿದ್ದುದರಿಂದ ನಾಲ್ಕೂ ಬಾಗಿಲ ಲಾಕ್ ಒತ್ತಿದಳು. ಗಾಳಿಗೆಂದು ಗಾಜುಗಳನ್ನು ಎರಡು ಬೆರಳಿನಷ್ಟು ಇಳಿಸಿದಳು.

ಅಲ್ಲಿಂದ ಜಮಖಾನ ಕಾಣುತ್ತಿತ್ತು. ಮೋಹನ್‌ಕುಮಾರ್ ಕಪ್ಪು ಪೆಟ್ಟಿಗೆಯೊಂದನ್ನು ಬಿಚ್ಚಿ ಡ್ರೋನ್ ತೆಗೆದ. ಲೇಔಟುಗಳ ವಿಡಿಯೋ ಮಾಡಲೆಂದು ಕೊಂಡದ್ದು.

"ಭಾವ, ಇಲ್ಲಿ ಬೇಡ," ಎಂದ ಶಶಿಕಿರಣ್. "ಮಾವ ಹೇಳಿದ್ರಲ್ಲ."

"ಅವರು ಕಲ್ಲು ಹೊಡೀಬೇಡಿ ಅಂದಿದ್ದು. ನಾನೇನು ಕಲ್ಲು ಹೊಡೀತಿದೀನಾ? ನಿಮ್ಮ ಎಂಗೇಜ್‌ಮೆಂಟ್ ವಿಡಿಯೋಗೆ ಮೇಲಿಂದ ಒಂದು ಶಾಟ್. ಎರಡು ನಿಮಿಷ."

ಶಶಿಕಿರಣ್ ತಾಯಿಯ ಮುಖ ನೋಡಿದ. ಸಾವಿತ್ರಮ್ಮ, "ತೆಗೀಲಿ ಬಿಡೋ. ಅಳಿಯಂದಿರು ಆಸೆಪಟ್ಟು ತಂದಿದಾರೆ," ಎಂದರು.

ಡ್ರೋನ್ ಕೀರಲು ಸದ್ದು ಮಾಡುತ್ತ ಎದ್ದಿತು. ಮೊದಲು ಬಯಲಿನ ಕಡೆ ಹೋಯಿತು. ಆಮೇಲೆ ತಿರುಗಿ ಎಲೆಗಳ ನಡುವೆ ನುಗ್ಗಿತು. ಸದ್ದಿಗೆ ಸಿಂಧು ಕಣ್ಣುಬಿಟ್ಟಿತು. ಮೇಲೆಲ್ಲೋ ಕೊಂಬೆಗೆ ಏನೋ ತಾಗಿದ ಶಬ್ದ, ತರಗೆಲೆ ಉದುರಿದವು. ಡ್ರೋನಿನ ಸದ್ದು ನಿಂತುಹೋಯಿತು. ಒಂದು ಗಳಿಗೆ ಏನೂ ಇರಲಿಲ್ಲ. ಆಮೇಲೆ ಇನ್ನೊಂದು ಸದ್ದು ಶುರುವಾಯಿತು, ಮಳೆ ದೂರದಿಂದ ಬರುವ ಹಾಗೆ.

"ಜೇನೆದ್ದಿದೆ, ಓಡಿ," ಎಂದು ಯಾರೋ ಕೂಗಿದರು.

ಸ್ವಾತಿ ಮೊದಲು ಮಾಡಿದ್ದು ಗಾಜು ಏರಿಸುವ ಕೆಲಸ. ಹಳೇ ಕಾರು, ಹಿಡಿ ತಿರುವಿ ಏರಿಸಬೇಕು. ಒಂದು ಕಡೆಯದು ಮುಗಿಸಿ ಇನ್ನೊಂದಕ್ಕೆ ಬಾಗಿದಳು. ಮುಂದಿನ ಎರಡಕ್ಕೆ ಸೀಟಿನ ಮೇಲಿಂದ ಚಾಚಬೇಕಾಯಿತು. ಅಷ್ಟರಲ್ಲಿ ಐದಾರು ಹುಳ ಒಳಗೆ ಬಂದಿದ್ದವು. ಒಂದು ಮಗುವಿನ ಕಿವಿಗೆ ಕಚ್ಚಿತು. ಸಿಂಧು ಕಿರುಚಿಕೊಂಡಿತು. ಸ್ವಾತಿ ಸೆರಗನ್ನು ಕೈಗೆ ಸುತ್ತಿ ಹುಳಗಳನ್ನು ಗಾಜಿಗೆ ಒತ್ತಿ ಒತ್ತಿ ಕೊಂದಳು. ಅವಳ ಕೈಗೂ ಕತ್ತಿಗೂ ಕಚ್ಚಿದವು. ಬೆಂಕಿ ಕೊಳ್ಳಿ ಇಟ್ಟ ಹಾಗಾಯಿತು.

ತಲೆಯೆತ್ತಿ ನೋಡಿದರೆ ಜಮಖಾನದ ಮೇಲೆ ಯಾರೂ ಇರಲಿಲ್ಲ. ಮೋಹನ್‌ಕುಮಾರ್ ತೆಂಗಿನ ಸಾಲಿನೊಳಗೆ ಓಡಿಹೋಗುತ್ತಿದ್ದ, ಬೆನ್ನು ಮಾತ್ರ ಕಂಡಿತು. ಶಶಿಕಿರಣ್ ಒಂದು ಕೈಯಲ್ಲಿ ತಾಯಿಯನ್ನೂ ಇನ್ನೊಂದು ಕೈಯಲ್ಲಿ ಅಕ್ಕನನ್ನೂ ಎಳೆದುಕೊಂಡು ತಮ್ಮ ಕಾರಿನ ಹತ್ತಿರ ಬಂದಿದ್ದ. ಇಬ್ಬರನ್ನೂ ಒಳಗೆ ತಳ್ಳಿದ. ಅವನ ಬೆನ್ನು, ತಲೆ ಆಗಲೇ ಕಪ್ಪಾಗಿದ್ದವು. ಸಾವಿತ್ರಮ್ಮ ಅವನ ತೋಳು ಹಿಡಿದು ಒಳಕ್ಕೆ ಎಳೆದರು. ಅವನು ಕೊಸರಿಕೊಂಡು, ಹೊರಗಿನಿಂದಲೇ ಬಾಗಿಲು ತಳ್ಳಿ ಮುಚ್ಚಿದ.

ಆಮೇಲೆ ಸ್ವಾತಿಯ ಕಾರಿನ ಕಡೆ ಓಡಿಬಂದ.

ಎರಡೂ ಕೈಯಿಂದ ಮುಖ ಬಡಿದುಕೊಳ್ಳುತ್ತ ಬಂದ. ಬಂದವನೇ ಹಿಂದಿನ ಬಾಗಿಲ ಹಿಡಿಕೆ ಎಳೆದ. ಬಾಗಿಲು ಬರಲಿಲ್ಲ. ಮತ್ತೆ ಎಳೆದ. ಗಾಜಿನ ಆಚೆ ಅವನ ಮುಖ ಒಂದು ಗೇಣಿನಷ್ಟು ದೂರದಲ್ಲಿತ್ತು. ರೆಪ್ಪೆಯ ಮೇಲೆ, ತುಟಿಯ ಮೇಲೆ, ಕಾಲರಿನೊಳಗೆ ಹುಳಗಳು ಹರಿದಾಡುತ್ತಿದ್ದವು.

"ಸ್ವಾತಿ, ತೆಗಿ," ಎಂದ. ಮೊದಲ ಸಲ ಅವಳನ್ನು ಏಕವಚನದಲ್ಲಿ ಕರೆದಿದ್ದ.

ಅವಳ ಕೈ ಲಾಕಿನ ಮೇಲೆ ಹೋಯಿತು. ಆಗ ಸಿಂಧು ಅಳುತ್ತಲೇ, "ಮಾವ ಬಂದ, ಮಾವ ಬಂದ, ಬಾಗ್ಲು ತೆಗಿ ಅತ್ತೆ," ಎಂದು ತಾನೇ ಲಾಕಿಗೆ ಕೈಚಾಚಿತು. ಮಗುವಿನ ಕಿವಿ ಆಗಲೇ ಬಾತು ಕೆಂಪಗಾಗಿತ್ತು. ಒಂದು ಹುಳಕ್ಕೆ ಹೀಗೆ. ಬಾಗಿಲು ತೆಗೆದರೆ ಅವನ ಮೈಮೇಲಿರುವ ಅಷ್ಟೂ ಒಳಗೆ ಬರುತ್ತವೆ, ಹಿಂದೆ ಮೋಡದ ಹಾಗೆ ಇರುವುದೂ ಬರುತ್ತದೆ.

ಸ್ವಾತಿ ಮಗುವಿನ ಕೈಯನ್ನು ಹಿಡಿದು ಕೆಳಗೆ ಎಳೆದಳು. ಲಾಕಿನ ಮೇಲೆ ತನ್ನ ಅಂಗೈ ಒತ್ತಿಟ್ಟಳು. ಅವನ ಕಣ್ಣು ನೋಡುತ್ತ ತಲೆಯಾಡಿಸಿದಳು, ಇಲ್ಲ ಎಂದು.

"ಮಗು ಇದೆ," ಎಂದಳು. "ಓಡಿ. ನೀರಿನ ಕಡೆ ಓಡಿ."

ಅವನಿಗೆ ಕೇಳಿಸಿತೋ ಇಲ್ಲವೋ. ಗಾಜನ್ನು ಅಂಗೈಯಿಂದ ಬಡಿದ. ಇನ್ನೊಂದು ಸಲ ಬಡಿದ. ಆಮೇಲೆ ಗಾಜಿನಿಂದ ಸರಿದುಹೋದ. ಅವನಿದ್ದ ಜಾಗದಲ್ಲಿ ಹುಳಗಳು ಕವುಚಿಕೊಂಡವು. ಏನೂ ಕಾಣದಾಯಿತು.

ಸ್ವಾತಿ ಮಗುವನ್ನು ಎರಡು ಸೀಟುಗಳ ನಡುವೆ ನೆಲಕ್ಕೆ ಇಳಿಸಿ, ಸೀಟಿನ ಹೊದಿಕೆ ಕಿತ್ತು ಮೇಲೆ ಹೊದಿಸಿದಳು. ಸೀರೆ ಎತ್ತಿಕಟ್ಟಿ ಮುಂದಿನ ಸೀಟಿಗೆ ದಾಟಿದಳು. ಕೀಲಿ ಅಲ್ಲೇ ಇತ್ತು. ಕಾರು ಮೊದಲ ಸಲಕ್ಕೆ ಶುರುವಾಗಲಿಲ್ಲ, ಎರಡನೇ ಸಲಕ್ಕೂ ಆಗಲಿಲ್ಲ. ಮೂರನೆಯದಕ್ಕೆ ಆಯಿತು. ವೈಪರ್ ಹಾಕಿ ಗಾಜಿನ ಮೇಲಿನ ಹುಳ ಸರಿಸಿದಳು. ಹಾರನ್ ಒತ್ತಿ ಹಿಡಿದುಕೊಂಡೇ ಗಾಡಿದಾರಿಯಲ್ಲಿ ಬಂಗಲೆಯ ಕಡೆ ಓಡಿಸಿದಳು. ಪಂಪ್‌ಸೆಟ್ ಕೋಣೆಯ ಹತ್ತಿರ ಒಂದು ಬಿಳಿ ಷರಟು ಬಿದ್ದೂ ಎದ್ದೂ ಹೋಗುತ್ತಿರುವುದು ಕನ್ನಡಿಯಲ್ಲಿ ಕಂಡಿತು.

ಹಾರನ್ ಕೇಳಿ ಬಂಗಲೆಯಿಂದ ಎಲ್ಲರೂ ಹೊರಗೆ ಬಂದಿದ್ದರು. ಸ್ವಾತಿ ಹಿಂದಿನ ಬಾಗಿಲು ತೆರೆದು ಸಿಂಧುವನ್ನು ತೆಗೆದು ಅಪ್ಪನ ಕೈಗೆ ಕೊಟ್ಟಳು. "ಜೇನೆದ್ದಿದೆ. ಅವರು ಪಂಪ್‌ಸೆಟ್ ಹತ್ರ ಬಿದ್ದಿದಾರೆ. ಅಮ್ಮ, ಅಕ್ಕ ಕಾರಲ್ಲಿದಾರೆ. ಕಂಬಳಿ ಬೇಕು."

ಉಮಾಶಂಕರ್ ಎರಡನೇ ಮಾತು ಕೇಳಲಿಲ್ಲ. ಆಳುಗಳಿಗೆ ತೆಂಗಿನ ಮಟ್ಟೆ ಹೊತ್ತಿಸಿ ಹಸಿಗರಿ ಹಾಕಿ ಹೊಗೆ ತರಲು ಹೇಳಿ, ಮೂರು ಕಂಬಳಿ ಹಿಡಿದು ಕಾರು ಹತ್ತಿದರು.

ನಂಜಪ್ಪ ಮಗಳ ತೋಳು ಹಿಡಿದರು. "ನೀನು ಬೇಡಮ್ಮ. ನಾನು ಹೋಗ್ತೀನಿ."

"ನಿಮಗೆ ಕಣ್ಣು ಕಾಣಲ್ಲ ಅಪ್ಪ. ಬಿಡಿ."

ಶಶಿಕಿರಣ್ ಪಂಪ್‌ಸೆಟ್ ಕಾಲುವೆಯಲ್ಲಿ ಬೋರಲು ಬಿದ್ದಿದ್ದ. ಕಾಲುವೆಯಲ್ಲಿ ನೀರು ಕಾಲು ಮುಳುಗುವಷ್ಟೂ ಇರಲಿಲ್ಲ. ಆ ಕೆಸರಿನಲ್ಲೇ ಮುಖ ಒತ್ತಿಕೊಂಡಿದ್ದ. ಸ್ವಾತಿ ಕಾರನ್ನು ಅವನಿಗೆ ತಾಗುವಷ್ಟು ಹತ್ತಿರ ನಿಲ್ಲಿಸಿದಳು. ಇಬ್ಬರೂ ಕಂಬಳಿ ಹೊದ್ದು ಇಳಿದರು. ಇನ್ನೊಂದನ್ನು ಅವನ ಮೇಲೆ ಕವುಚಿ, ಸುತ್ತಿ, ಎಳೆದು ಹಿಂದಿನ ಸೀಟಿಗೆ ಹಾಕಿದರು. ಬಾಗಿಲು ಈಗ ಎರಡೂ ಕಡೆ ತೆರೆದೇ ಇತ್ತು. ಸ್ವಾತಿಯ ಕೆನ್ನೆಗೆ, ತಲೆಗೆ, ಕಾಲಿಗೆ ಎಷ್ಟು ಕಚ್ಚಿದವೋ ಅವಳಿಗೆ ಆಗ ಗೊತ್ತಾಗಲಿಲ್ಲ.

ಉಮಾಶಂಕರ್ ಕಾರು ಓಡಿಸಿದರು. ಹಿಂದೆ ಸ್ವಾತಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಉಗುರಿನಿಂದ ಮುಳ್ಳುಗಳನ್ನು ಕೆರೆದು ತೆಗೆಯುತ್ತಿದ್ದಳು. ಹುಲಿಕೆರೆ ಬರುವ ಹೊತ್ತಿಗೆ ಅವನು ವಾಂತಿ ಮಾಡಿಕೊಂಡ. ಹಳೇಬೀಡು ಹತ್ತಿರವಾಗುವಾಗ ಉಸಿರು ಸಿಳ್ಳೆ ಹಾಕಿದ ಹಾಗೆ ಬರತೊಡಗಿತು. "ಮಾತಾಡಿ," ಎಂದಳು ಅವಳು. "ಏನಾದ್ರೂ ಮಾತಾಡಿ." ಅವನು ಮಾತಾಡಲಿಲ್ಲ. ಕಣ್ಣು ಬಾತು ಮುಚ್ಚಿಕೊಂಡಿದ್ದವು.

ಹಳೇಬೀಡಿನ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು, ಆಕ್ಸಿಜನ್ ಹಾಕಿ, ಆಂಬ್ಯುಲೆನ್ಸಿನಲ್ಲಿ ಹಾಸನಕ್ಕೆ ಕಳಿಸಿದರು.

ಹಾಸನದ ಆಸ್ಪತ್ರೆಯಲ್ಲಿ ಡಾಕ್ಟರು, "ಉಸಿರಾಟ ಸರಿಹೋಗಿದೆ. ಆದ್ರೆ ಇಷ್ಟು ವಿಷ ಮೈಗೆ ಹೋದ್ರೆ ಕಿಡ್ನಿ ಮೇಲೆ ಬೀಳುತ್ತೆ. ಮೂರ್ನಾಲ್ಕು ದಿನ ಕಾದು ನೋಡ್ಬೇಕು," ಎಂದರು.

ಸಾಯಂಕಾಲಕ್ಕೆ ಉಳಿದವರೆಲ್ಲ ಬಂದರು. ಕಾರಿನ ಕೀಲಿ ಶಶಿಕಿರಣನ ಜೇಬಿನಲ್ಲೇ ಉಳಿದಿದ್ದರಿಂದ ಸಾವಿತ್ರಮ್ಮ, ಉಷಾರಾಣಿ ಇಬ್ಬರೂ ಅಲ್ಲೇ ಸಿಕ್ಕಿಕೊಂಡಿದ್ದರು. ಆಳುಗಳು ಹೊಗೆ ಹಾಕಿ ಬಿಡಿಸಿದ್ದರು. ಮೋಹನ್‌ಕುಮಾರ್‌ಗೆ ಕಾಲು ಉಳುಕಿತ್ತು, ನಾಲ್ಕೈದು ಕಡೆ ಕಚ್ಚಿತ್ತು. ಅವನು ಬೆಂಚಿನ ತುದಿಯಲ್ಲಿ ಕೂತು ಫೋನು ನೋಡುತ್ತಿದ್ದ.

ಸಾವಿತ್ರಮ್ಮ ನೇರವಾಗಿ ಸ್ವಾತಿಯ ಮುಂದೆ ಬಂದು ನಿಂತರು. ಸ್ವಾತಿ ಎದ್ದು ನಿಂತಳು. ಅವಳ ಮುಖ ಒಂದು ಕಡೆ ಬಾತು ಗುರುತೇ ಸಿಗುತ್ತಿರಲಿಲ್ಲ.

"ನಾನು ನೋಡ್ದೆ," ಎಂದರು ಸಾವಿತ್ರಮ್ಮ. ದನಿ ಏರಿರಲಿಲ್ಲ. "ನನ್ನ ಮಗ ಬಾಗ್ಲು ಬಡಿದ. ನೀನು ಒಳಗೆ ಕೂತು ತಲೆ ಆಡಿಸ್ದೆ. ತೆಗೀಲಿಲ್ಲ."

"ಹೌದಮ್ಮ, ತೆಗೀಲಿಲ್ಲ."

"ಕೈ ಹಿಡಿಯೋಳು ನೀನು."

ನಂಜಪ್ಪ ಮುಂದೆ ಬಂದರು. "ಸಾವಿತ್ರಮ್ಮನೋರೆ, ಮಡಿಲಲ್ಲಿ ಮಗು ಇತ್ತು. ನಿಮ್ಮ ಮನೆ ಮಗುನೇ ಅಲ್ವಾ? ಆಮೇಲೆ ಎತ್ಕೊಂಡು ಬಂದಿದ್ದೂ ಇವಳೇ. ಆ ಯಂತ್ರ ಹಾರಿಸ್ದೋರನ್ನ ಯಾರೂ ಏನೂ ಕೇಳ್ತಿಲ್ಲ."

ಮೋಹನ್‌ಕುಮಾರ್ ಫೋನಿನಿಂದ ತಲೆ ಎತ್ತಲಿಲ್ಲ. ಉಷಾರಾಣಿ ಗಂಡನ ಕಡೆ ನೋಡಿದಳು, ತಾಯಿಯ ಕಡೆ ನೋಡಿದಳು, ಸಿಂಧುವನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡಳು. ಅಳಿಯನ ಮೇಲೆ ಮಾತು ಎತ್ತುವುದು ಆ ಮನೆಯಲ್ಲಿ ಸಾಧ್ಯವಿರಲಿಲ್ಲ. ಸ್ವಾತಿ ಇನ್ನೂ ಆ ಮನೆಗೆ ಬಂದವಳಲ್ಲ, ಅವಳ ಮೇಲೆ ಎತ್ತುವುದು ಸುಲಭವಿತ್ತು.

"ನಡೀರಿ ಅಪ್ಪ," ಎಂದಳು ಸ್ವಾತಿ.

ನಾಲ್ಕನೇ ದಿನ ಉಮಾಶಂಕರ್ ಫೋನ್ ಮಾಡಿ ಶಶಿಕಿರಣ್ ಅಪಾಯದಿಂದ ಪಾರಾದ ಎಂದು ತಿಳಿಸಿದರು. ಅದಾದ ಮೇಲೆ ಸಂಬಂಧ ಕುದುರಿಸಿದವರ ಕಡೆಯಿಂದ ಮಾತು ಬಂತು. ಸದ್ಯಕ್ಕೆ ನಿಶ್ಚಿತಾರ್ಥ ಬೇಡವಂತೆ, ಹುಡುಗ ಸುಧಾರಿಸಿಕೊಳ್ಳಲಿ ಅಂತೆ. ಸದ್ಯಕ್ಕೆ ಎಂದರೆ ಏನು ಎಂದು ನಂಜಪ್ಪ ಕೇಳಲಿಲ್ಲ.

ಸುದ್ದಿ ಅರಸೀಕೆರೆಯಿಂದ ಬೇಲೂರಿಗೆ ಬರಲು ಹೊತ್ತಾಗಲಿಲ್ಲ. ಮದುವೆ ಆಗಬೇಕಾದವನು ಸಾಯ್ತಿದ್ರೂ ಬಾಗಿಲು ತೆಗೆಯದ ಹುಡುಗಿ ಎಂದು ಮಠದ ದಾಸೋಹದಲ್ಲಿ ಹೆಂಗಸರು ಮಾತಾಡಿಕೊಂಡರು. ಸ್ವಾತಿ ರಜೆಯಿದ್ದುದರಿಂದ ದಿನವಿಡೀ ಅಂಗಡಿಯಲ್ಲಿ ಕೂತಳು. ಸ್ಟೀಲ್ ಪಾತ್ರೆಗಳ ಬೆಲೆ ಹೇಳುವಾಗಲೂ ಗಾಜಿನ ಮೇಲಿನ ಅಂಗೈ ಅವಳ ಕಣ್ಣ ಮುಂದೆ ಇರುತ್ತಿತ್ತು. ತಾನು ಮಾಡಿದ್ದು ಸರಿ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದರಿಂದ ಏನೂ ಹಗುರವಾಗಲಿಲ್ಲ. ಫೋನಿನಲ್ಲಿ ಅವನ ಹೆಸರನ್ನು ನೋಡುತ್ತಿದ್ದಳು, ಒತ್ತುತ್ತಿರಲಿಲ್ಲ. ಅವನೂ ಮಾಡಲಿಲ್ಲ.

ಮೇ ಮುಗಿಯುತ್ತ ಬಂದಾಗ ಒಂದು ಮಧ್ಯಾಹ್ನ ಶಶಿಕಿರಣ್ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದ. ತೂಕ ಇಳಿದಿದ್ದ. ಹಣೆಯ ಮೇಲೆ, ಕತ್ತಿನ ಮೇಲೆ ಕಪ್ಪು ಕಲೆಗಳು. ನಂಜಪ್ಪ ಎದ್ದು ಕುರ್ಚಿ ಸರಿಸಿದರು. ಕಾಫಿ ತರುತ್ತೇನೆಂದು ತಾವೇ ಹೋಟೆಲಿನ ಕಡೆ ಹೋದರು.

"ಅಮ್ಮನಿಗೆ ಹೇಳದೆ ಬಂದೆ," ಎಂದ ಅವನು. "ನಿಮಗೆ ಒಂದು ಮಾತು ಹೇಳ್ಬೇಕಿತ್ತು. ಫೋನಲ್ಲಿ ಹೇಳೋ ಮಾತಲ್ಲ."

ಸ್ವಾತಿ ಕೈಯಲ್ಲಿದ್ದ ಬಿಲ್ ಪುಸ್ತಕ ಮುಚ್ಚಿದಳು.

"ಎಲ್ಲಾರೂ ನನ್ನ ಹತ್ರ ಬಂದು, ನಿಂಗೆ ಕಾರಲ್ಲಿ ಮಗು ಇರೋದು ಕಂಡಿರಲ್ಲ, ಪಾಪ, ಅಂತಾರೆ. ನಾನು ಹೂಂ ಅಂತಿದ್ದೆ." ಅವನು ಹಣೆಯ ಕಲೆ ಮುಟ್ಟಿಕೊಂಡ. "ನಂಗೆ ಕಂಡಿತ್ತು. ಸಿಂಧು ನಿಮ್ಮ ಮಡಿಲಲ್ಲಿ ಇದ್ಲು. ಮಾವ ಅಂದಿದ್ದೂ ಕೇಳಿಸ್ತು. ಆದ್ರೂ ನಾನು ಬಾಗ್ಲು ಎಳೆದೆ. ಅಮ್ಮನ್ನ ಕಾರಿಗೆ ಹಾಕಿ ಬಾಗ್ಲು ಮುಚ್ಚೋವಾಗ ಬುದ್ಧಿ ಇತ್ತು. ಹತ್ತು ಮಾರು ದೂರ ಬರೋ ಅಷ್ಟರಲ್ಲಿ ಅದು ಇರಲಿಲ್ಲ. ಮಗು ಆದ್ರೂ ಸರಿ, ಯಾರಾದ್ರೂ ಸರಿ, ಒಳಗೆ ಹೋಗ್ಬೇಕು ಅಷ್ಟೇ. ನೀವು ತೆಗೆದಿದ್ರೆ..."

"ಅಷ್ಟು ನೋವಲ್ಲಿ ಯಾರಾದ್ರೂ ಹಾಗೇ ಮಾಡ್ತಾರೆ," ಎಂದಳು ಸ್ವಾತಿ.

"ಮಾಡ್ತಾರೇನೋ. ಆದ್ರೆ ಬೈಸ್ಕೊಳ್ತಿರೋರು ನೀವು. ನೆನ್ನೆ ಅಮ್ಮನಿಗೆ ಇದನ್ನೇ ಹೇಳ್ದೆ. ಅವರು ಎದ್ದು ಒಳಗೆ ಹೋದ್ರು."

ಕಾಫಿ ಬಂತು. ಕುಡಿದರು. ಹೊರಡುವಾಗ ಅವನು, "ನನಗೆ ಮನಸ್ಸು ಬದಲಾಗಿಲ್ಲ. ನಿಮಗೆ ನನ್ನ ಮುಖ ನೋಡೋಕೆ ಆಗುತ್ತೋ ಇಲ್ವೋ ಗೊತ್ತಿಲ್ಲ. ಯೋಚನೆ ಮಾಡಿ," ಎಂದ.

"ನಾನು ಮತ್ತೆ ಅದೇ ಜಾಗದಲ್ಲಿದ್ರೆ ಮತ್ತೆ ತೆಗೆಯಲ್ಲ," ಎಂದಳು ಅವಳು.

"ಗೊತ್ತು. ಅದಕ್ಕೇ ಕೇಳ್ತಿರೋದು."

ಸ್ವಾತಿ ಎರಡು ದಿನ ಯೋಚನೆ ಮಾಡಿದಳು. ಆಮೇಲೆ ಫೋನ್ ಮಾಡಿ, ಅವನು ಬೇಡ ಅಂತಲ್ಲ, ಆದರೆ ಬೆನ್ನ ಹಿಂದೆ ಈ ಮಾತು ಆಡುವ ಮನೆಗೆ ತಾನು ಬರಲಾರೆ, ಅವನ ತಾಯಿಯ ಮನಸ್ಸಿನಲ್ಲಿ ಏನಿದೆಯೋ ಅದನ್ನು ಎದುರಿಗೇ ಹೇಳಲಿ ಎಂದಳು. ಬೈದರೂ ಸರಿ.

ಸಾವಿತ್ರಮ್ಮ ಬಂದರು. ಬಂದದ್ದು ಒಬ್ಬರೇ, ಅರಸೀಕೆರೆಯಿಂದ ಬಸ್ಸಿನಲ್ಲಿ, ಆ ಮಂಡಿನೋವಿನಲ್ಲಿ. ಮಗ ಕಾರಿನಲ್ಲಿ ಕರೆತರುತ್ತೇನೆಂದರೂ ಬೇಡ ಅಂದರಂತೆ. ನಂಜಪ್ಪ ಅಂಗಡಿಯಲ್ಲಿದ್ದರು. ಮನೆಯಲ್ಲಿ ಸ್ವಾತಿ ಒಬ್ಬಳೇ. ನೀರು ಕೊಟ್ಟಳು. ಸಾವಿತ್ರಮ್ಮ ಲೋಟ ಖಾಲಿ ಮಾಡಿ, ಅದನ್ನು ಕೈಯಲ್ಲೇ ಹಿಡಿದುಕೊಂಡು ಕೂತರು.

"ನಿನ್ನ ಕಾರಿಂದ ಅವನು ನಮ್ಮ ಕಾರಿಗೆ ವಾಪಸ್ ಬಂದ," ಎಂದರು ಕೊನೆಗೆ.

ಸ್ವಾತಿಗೆ ಅರ್ಥವಾಗಲಿಲ್ಲ.

"ನೀನು ನೋಡಿರಲ್ಲ. ನಿನ್ನ ಗಾಜು ಮುಚ್ಚಿಹೋಗಿತ್ತು. ಅವನು ನಮ್ಮ ಕಾರಿನ ಹತ್ರ ಬಂದ. ನನ್ನ ಪಕ್ಕದ ಗಾಜಿಗೆ ಮುಖ ಇಟ್ಟ. ಅಮ್ಮ ಅಂದ. ನಾನು ಹಿಡಿಕೆ ಹಿಡ್ಕೊಂಡೆ. ಉಷಾ ನನ್ನ ಕೈ ಹಿಡಿದ್ಲು. ಬೇಡಮ್ಮ, ಎಲ್ಲಾ ಸಾಯ್ತೀವಿ ಅಂದ್ಲು." ಅವರು ಲೋಟವನ್ನು ನೆಲಕ್ಕಿಟ್ಟರು. "ಅವಳು ಹಿಡ್ಕೊಂಡಿದ್ದು ನಿಜ. ಆದ್ರೆ ಬಿಡಿಸ್ಕೊಳ್ಳೋ ಶಕ್ತಿ ನನಗಿತ್ತು ಕಣಮ್ಮ. ಬಿಡಿಸ್ಕೊಳ್ಳಲಿಲ್ಲ. ನಮ್ಮ ಕಾರಲ್ಲಿ ಮಗು ಇರಲಿಲ್ಲ."

ಸ್ವಾತಿ ನೆಲದ ಮೇಲಿನ ಲೋಟವನ್ನು ತೆಗೆದು ಪಕ್ಕಕ್ಕಿಟ್ಟಳು.

"ಅವನಿಗೆ ಅದು ನೆನಪಿಲ್ಲ. ನಿನ್ನ ಕಾರಿನ ಹತ್ರ ಬಂದಿದ್ದವರೆಗೇ ನೆನಪು. ಉಷಾ ಬಾಯಿ ಬಿಡಲ್ಲ. ನಾನೂ ಬಿಡಲಿಲ್ಲ. ಆಸ್ಪತ್ರೇಲಿ ನಿನ್ನನ್ನ ನೋಡಿದ ತಕ್ಷಣ ಎಲ್ಲಾ ನಿನ್ನ ಮೇಲೆ ಹಾಕ್ಬೇಕು ಅನ್ನಿಸ್ತು, ಹಾಕ್ದೆ. ಮೊನ್ನೆ ಅವನು ಬಂದು ತನ್ನದೇ ತಪ್ಪು ಅಂತ ಹೇಳ್ಕೊಂಡಾಗ ನನಗೆ ಅಲ್ಲಿ ಕೂತಿರೋಕೆ ಆಗಲಿಲ್ಲ."

ಅವರು ಅಳಲಿಲ್ಲ. ಸೆರಗಿನಿಂದ ಕತ್ತಿನ ಬೆವರು ಒರೆಸಿಕೊಂಡರು. ಆಮೇಲೆ, "ಅವನಿಗೆ ಹೇಳೋದಾದ್ರೆ ಹೇಳು. ನಾನು ತಡೆಯಲ್ಲ. ಆ ಹಕ್ಕು ನಿಂಗಿದೆ," ಎಂದರು.

ಸ್ವಾತಿ ಒಂದು ತಿಂಗಳಿಂದ ಎದೆಯಲ್ಲಿ ಹೊತ್ತುಕೊಂಡಿದ್ದ ಸಿಟ್ಟು ಒಮ್ಮೆಗೇ ಎದ್ದಿತು. ಈ ಹೆಂಗಸು ಎಲ್ಲ ಗೊತ್ತಿದ್ದೂ ತನ್ನನ್ನು ಊರ ಬಾಯಿಗೆ ಹಾಕಿದ್ದರು. ಆದರೆ ಗಾಜಿಗೆ ಮುಖ ಇಟ್ಟು ಅಮ್ಮ ಎಂದದ್ದನ್ನು ಕೇಳಿಸಿಕೊಂಡು ಇವರು ಹೇಗೆ ಮಲಗುತ್ತಾರೆ ಎಂಬುದೂ ಅದರ ಹಿಂದೆಯೇ ಬಂತು. ತಾನು ಹೇಗೆ ಮಲಗುತ್ತಿದ್ದೇನೆಂದು ಅವಳಿಗೆ ಗೊತ್ತಿತ್ತು.

"ನಾನು ಹೇಳಲ್ಲ ಅಮ್ಮ," ಎಂದಳು. "ಅದು ನೀವು ಹೇಳ್ಬೇಕಾದ ಮಾತು. ಯಾವಾಗ ಆಗುತ್ತೋ ಆಗ ಹೇಳಿ. ಆದ್ರೆ ನನ್ನ ಬಗ್ಗೆ ಊರಲ್ಲಿ ಆಡಿರೋ ಮಾತನ್ನ ನೀವೇ ಸರಿಮಾಡ್ಬೇಕು. ನಮ್ಮಪ್ಪ ಮಠಕ್ಕೆ ಹೋಗೋದು ಬಿಟ್ಟಿದಾರೆ."

"ಮಾಡ್ತೀನಿ," ಎಂದರು ಸಾವಿತ್ರಮ್ಮ. "ಮೊದ್ಲು ನಿಮ್ಮಪ್ಪನ್ನ ಕರಿ."

ನಂಜಪ್ಪ ಬಂದಾಗ ಸಾವಿತ್ರಮ್ಮ ಮಂಡಿ ಹಿಡಿದುಕೊಂಡು ಎದ್ದುನಿಂತು ಕೈಮುಗಿದರು. ಆಸ್ಪತ್ರೆಯಲ್ಲಿ ತಾವು ಆಡಿದ್ದು ತಪ್ಪು ಎಂದರು. ಅಷ್ಟೇ ಹೇಳಿದರು. ಊಟಕ್ಕೆ ನಿಲ್ಲಿ ಎಂದರೆ ಮೊದಲು ಬೇಡವೆಂದು, ಆಮೇಲೆ ಕೂತರು. ಸ್ವಾತಿ ಬಡಿಸಿದಳು. ಅವಳು ತಟ್ಟೆ ಎತ್ತುವಾಗ ಸಾವಿತ್ರಮ್ಮನೂ ಎದ್ದು ಒಳಗೆ ಹೋಗಿ ಲೋಟಗಳನ್ನು ತೊಳೆದಿಟ್ಟರು.

ಅವರನ್ನು ಬಸ್ಸು ಹತ್ತಿಸಿ ಬಂದ ಮೇಲೆ ನಂಜಪ್ಪ ಜಗಲಿಯಲ್ಲಿ ಕೂತು ಮಗಳನ್ನು ಕೇಳಿದರು. "ಏನಂತ ಹೇಳಲಮ್ಮ ಅವರಿಗೆ? ನಿನ್ನ ಮನಸ್ಸಿಗೆ ಬಂದ್ರೆ ಮಾತ್ರ."

"ಒಪ್ಪಿಗೆ ಅಂತ ಹೇಳಿ ಅಪ್ಪ," ಎಂದಳು ಸ್ವಾತಿ. "ಆದ್ರೆ ಆಷಾಢ ಕಳೀಲಿ. ನನಗೆ ಇನ್ನೂ ಸ್ವಲ್ಪ ದಿನ ಬೇಕು."